ಸೀಲು ಬಿದ್ದ ಲಂಗ

ಆ ವಿಡಿಯೋ ಎಲ್ಲಿ ಹೋಯಿತು ಎಂದು ಬಹಳ ಮಂದಿ ಕೇಳುತ್ತಿದ್ದೀರಿ. ನಾನೇ ತೆಗೆದೆ. ಯಾರೂ ದೂರು ಕೊಟ್ಟದ್ದಲ್ಲ, ನಾಚಿಕೆಯಾಗಿ ತೆಗೆದದ್ದು. ಅದನ್ನು ನೋಡಿ ನಕ್ಕವರು ಇದನ್ನೂ ಓದಿ.

ನನಗೆ ಅಂಚೆಚೀಟಿಯ ಹುಚ್ಚು ಶಾಲೆಗೆ ಹೋಗುವಾಗಿನಿಂದ ಇದೆ. ಅದರಲ್ಲೂ ಎರಡು ದೇಶಗಳ ಸ್ನೇಹದ ನೆನಪಿಗೆಂದು ಜೋಡಿಯಾಗಿ ಬರುವ ಚೀಟಿಗಳೆಂದರೆ ಜೀವ. ಅಂಥ ಒಂದು ಜೋಡಿಯಲ್ಲಿ ಒಂದು ಕಡೆ ಘಾಗ್ರಾ ತೊಟ್ಟ ನಮ್ಮ ಹೆಂಗಸು, ಇನ್ನೊಂದು ಕಡೆ ಯುರೋಪಿನ ಪುಟ್ಟ ದೇಶವೊಂದರ ಹೆಂಗಸು: ಕೆಂಪು ಕುಪ್ಪಸ, ಬಿಳಿ ಲಂಗ, ತಲೆಗೆ ಹೂವಿನ ಪಟ್ಟಿ. ಈ ಜೋಡಿ ನನ್ನಲ್ಲಿ ಎರಡಿತ್ತು. ಒಂದು ಹೊಸದು, ಹಿಂದಿನ ಗೋಂದೂ ಹಾಳಾಗದ್ದು, ಆಲ್ಬಮ್ಮಿನಲ್ಲಿ ಭದ್ರ. ಇನ್ನೊಂದು ಲಕೋಟೆಯಿಂದ ನೆನೆಸಿ ಬಿಡಿಸಿದ್ದು. ಅದರಲ್ಲಿ ಆ ಹೆಂಗಸಿನ ಬಿಳಿ ಲಂಗದ ಮೇಲೆ ಅಂಚೆ ಸೀಲಿನ ನಾಲ್ಕು ಕಪ್ಪು ಅಲೆಗೆರೆಗಳು ಓರೆಯಾಗಿ ಬಿದ್ದಿದ್ದವು.

ಮೂಡುಬಿದಿರೆಯಲ್ಲಿ ಓದುವ ಅಣ್ಣನ ಮಗಳಿಗೆ ಶಾಲೆಯಲ್ಲಿ ದೇಶದೇಶಗಳ ಉಡುಪಿನ ಮೆರವಣಿಗೆ. ಅವಳ ಪಾಲಿಗೆ ಆ ಪುಟ್ಟ ದೇಶವೇ ಬಂತು. "ಅತ್ತೆ, ನಿಮ್ಮ ಸ್ಟಾಂಪಲ್ಲಿ ಉಂಟಲ್ಲ, ಅದೇ ಡ್ರೆಸ್ ಹೊಲಿಸಿ ಕೊಡಿ" ಎಂದಳು. ಮಡಂತ್ಯಾರಿನಲ್ಲಿ ನನ್ನ ರವಿಕೆ ಹೊಲಿಯುವ ಟೈಲರ್ ಅಕ್ಕನ ಬಳಿ ಹೋದೆ. ಅವರದ್ದು ಬಟನ್ ಫೋನು, ಫೋಟೋ ಕಳಿಸುವ ಹಾಗಿಲ್ಲ. ಹಾಗಾಗಿ ಚೀಟಿಯನ್ನೇ ಕೊಟ್ಟೆ. ಸೀಲು ಬಿದ್ದದ್ದನ್ನು. ಹೊಸದನ್ನು ಅವರ ಕೈಗೆ ಕೊಡಲು ನನಗೆ ಮನಸ್ಸು ಬರಲಿಲ್ಲ.

"ಬೆವರು ಕೈಯಲ್ಲಿ ಮುಟ್ಬೇಡಿ, ಆಯ್ತಾ? ಇದ್ರಲ್ಲಿ ಹೇಗುಂಟೋ ಹಾಗೇ ಆಗ್ಬೇಕು."

"ಹಾಗೇ ಮಾಡ್ತೇನೆ. ಇಷ್ಟು ಸಣ್ಣದ್ರಲ್ಲಿ ನೋಡುದು ಹೇಗೆ ಮಾರಾಯ್ರೇ, ಎರಡು ಕನ್ನಡಕ ಹಾಕ್ಬೇಕಷ್ಟೆ!"

ಎರಡು ದಿನ ಬಿಟ್ಟು ಅವರ ಫೋನು ಬಂತು. ನಾನು ಬಂಟ್ವಾಳದ ಮೀನು ಮಾರ್ಕೆಟ್ಟಿನಲ್ಲಿ ಬಂಗುಡೆಗೆ ಚೌಕಾಸಿ ಮಾಡುತ್ತಿದ್ದೆ.

"ಅಕ್ಕಾ, ಲಂಗದಲ್ಲಿ ಕಪ್ಪು ಗೆರೆ ಉಂಟಲ್ಲ, ಬಳುಕಿ ಬಳುಕಿ ಹೋದದ್ದು. ಅದೂ ಬೇಕಾ?"

"ಇದ್ದದ್ದೆಲ್ಲ ಬೇಕು. ಎಷ್ಟು ಸಲ ಹೇಳುದು ನಿಮಗೆ?" ಎಂದು ಫೋನಿಟ್ಟೆ. ಯಾವ ಗೆರೆ ಎಂದು ಯೋಚಿಸಲೂ ಇಲ್ಲ.

ಕಾರ್ಯಕ್ರಮದ ಬೆಳಿಗ್ಗೆ ಅವರಿಂದ ಪೊಟ್ಟಣ ತೆಗೆದುಕೊಂಡು ನೇರ ಮೂಡುಬಿದಿರೆಗೆ ಹೋದೆ. ಹುಡುಗಿ ಉಟ್ಟು ಹೊರಗೆ ಬಂದಳು. ಬಿಳಿ ಲಂಗದ ಮೇಲೆ ಸೊಂಟದಿಂದ ಅಂಚಿನವರೆಗೆ ಕಪ್ಪು ನೂಲಿನ ನಾಲ್ಕು ಅಲೆಗಳು. ಒಂದು ಹೊಲಿಗೆಯೂ ಆಚೀಚೆ ಆಗಿರಲಿಲ್ಲ. ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಫೋನು ಹಿಡಿದು ಶುರುಮಾಡಿದೆ: "ನೋಡಿ, ನಮ್ಮ ಟೈಲರ್ ಅಕ್ಕ ಪೋಸ್ಟಾಫೀಸಿನ ಸೀಲನ್ನೂ ಹೊಲಿದಿದ್ದಾರೆ!" ಪೊಟ್ಟಣದ ಮೇಲಿದ್ದ ಅಂಗಡಿಯ ಹೆಸರನ್ನೂ ತೋರಿಸಿದೆ. ಅವರು ಫೋನು ಮಾಡಿ ಕೇಳಿದ ವಿಷಯ ಮಾತ್ರ ಹೇಳಲಿಲ್ಲ. ನನ್ನ ಯಾವ ವಿಡಿಯೋವನ್ನೂ ಅಷ್ಟು ಜನ ನೋಡಿರಲಿಲ್ಲ.

ಹುಡುಗಿ ನಗಲಿಲ್ಲ. "ಗೆರೆ ಇಲ್ಲದ್ದು ಆಲ್ಬಮ್ಮಲ್ಲಿ ಉಂಟಲ್ಲ ಅತ್ತೆ, ಅದನ್ಯಾಕೆ ಕೊಡ್ಲಿಲ್ಲ?"

"ಹಾಳಾಗ್ತದೆ."

"ಮತ್ತೆ ಅವರನ್ನು ನೋಡಿ ನಗುದು ಎಂತಕ್ಕೆ?"

ದೊಡ್ಡವರಿಗೆ ಎದುರು ಮಾತಾಡುತ್ತೀಯಾ ಎಂದು ಅವಳನ್ನೇ ಗದರಿಸಿದೆ.

ಮುಂದಿನ ವಾರ ರವಿಕೆ ಬಟ್ಟೆ ಹಿಡಿದು ಮಡಂತ್ಯಾರಿಗೆ ಹೋದಾಗ ಅಂಗಡಿಯಲ್ಲಿ ಇನ್ನೊಬ್ಬರು ಅಳತೆ ಕೊಡುತ್ತಿದ್ದರು. "ನಂದಕ್ಕೆ ಸೀಲ್ ಬೇಡ ಆಯ್ತಾ, ನಾನು ಎಲ್ಲಿಗೂ ಪೋಸ್ಟ್ ಆಗ್ಲಿಕ್ಕಿಲ್ಲ!" ಎಂದು ನಗುತ್ತಾ ಹೋದರು. ಟೈಲರ್ ಅಕ್ಕ ಟೇಪು ಸುತ್ತುತ್ತಾ ತಲೆ ತಗ್ಗಿಸಿಯೇ ಇದ್ದರು.

"ವಾರದಿಂದ ಹೀಗೇ. ಡ್ಯಾನ್ಸ್ ಡ್ರೆಸ್ಸಿಗೆ ಬಟ್ಟೆ ತಂದವರು ವಾಪಸ್ ತಗೊಂಡು ಹೋದ್ರು." ಆಮೇಲೆ ಮೆಲ್ಲಗೆ ಕೇಳಿದರು: "ನಾನು ಫೋನ್ ಮಾಡಿ ಕೇಳಿದ್ದು ನಿಮ್ಮ ವಿಡಿಯೋದಲ್ಲಿ ಉಂಟಾ ಅಕ್ಕಾ? ನನ್ನ ಫೋನಲ್ಲಿ ನೋಡ್ಲಿಕ್ಕಾಗುದಿಲ್ಲ."

"ಇಲ್ಲ" ಎಂದೆ.

ಅವರು ಗುಂಡಿ ಡಬ್ಬಿ ತೆರೆದು ನನ್ನ ಚೀಟಿ ತೆಗೆದುಕೊಟ್ಟರು. ಬೆಣ್ಣೆ ಕಾಗದದಲ್ಲಿ ಸುತ್ತಿಟ್ಟಿದ್ದರು. "ಕೈ ತಾಗ್ಸಲಿಲ್ಲ. ಸೂಜಿಯಲ್ಲಿ ತಿರುಗಿಸಿ ನೋಡಿದ್ದು."

ಮನೆಗೆ ಬಂದು ವಿಡಿಯೋ ತೆಗೆದೆ. ಮರುದಿನ ಆಲ್ಬಮ್ಮನ್ನೇ ಹೊತ್ತು ಹೋಗಿ ಅವರ ಕಟಿಂಗ್ ಮೇಜಿನ ಮೇಲೆ ಬಿಡಿಸಿಟ್ಟೆ. ಅವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದರು. ತುಂಬಾ ಹೊತ್ತು ನೋಡಿದರು.

"ಗೆರೆಯೇ ಇಲ್ಲ. ಇದು ಆವಾಗ್ಲೂ ನಿಮ್ಮಲ್ಲಿ ಇತ್ತಾ?"

"ಇತ್ತು. ಇದನ್ನು ನೀವೇ ಇಟ್ಕೊಳ್ಳಿ."

"ಬೇಡ. ನಂದು ಬೆವರು ಕೈ."

ಇಬ್ಬರೂ ಕೂತು ಇನ್ನೊಂದು ವಿಡಿಯೋ ಮಾಡುವ ಎಂದೆ. ಅವರು ಮೆಷಿನ್ನಿಗೆ ನೂಲು ಪೋಣಿಸುತ್ತಾ ಬೇಡವೆಂದು ತಲೆಯಾಡಿಸಿದರು. "ನನ್ನನ್ನು ತೋರ್ಸಿದ್ದು ಸಾಕು. ನಾನು ಕೇಳಿದ್ದೆ ಅಂತ ಮಾತ್ರ ಹೇಳಿ."

ಅದಕ್ಕೇ ಹೇಳುತ್ತಿದ್ದೇನೆ. ಅವರು ಕೇಳಿದ್ದರು. ಮೀನಿನವರ ಎದುರು ನಿಂತು, ಇದ್ದದ್ದೆಲ್ಲ ಬೇಕು ಎಂದವಳು ನಾನು.