ಎಡ ತೋಳಿನ ಬಿಲ್ಲೆ

ಗೋದಾಮಿನಲ್ಲಿ ಅವನನ್ನು ಎಲ್ಲರೂ ಜೋಡಿಮೂಟೆ ಎಂದೇ ಕರೆಯುವುದು. ಮೂವತ್ತು ವರ್ಷದಿಂದ ಹಮಾಲಿ. ಪ್ರಾಯದಲ್ಲಿ ಎರಡು ಹಿಟ್ಟಿನ ಮೂಟೆ ಒಟ್ಟಿಗೆ ಹೊತ್ತು ಲಾರಿಯ ಹಲಗೆ ಏರುತ್ತಿದ್ದ. ಹಲಗೆ ಎಂದರೆ ಒಂದೂವರೆ ಗೇಣು ಅಗಲದ ಮರ. ಬರಿಗಾಲ ಹೆಬ್ಬೆರಳು ಊರದಿದ್ದರೆ ಮೂಟೆ ಒಂದು ಕಡೆ, ಆಳು ಒಂದು ಕಡೆ.

ಆ ಹೆಬ್ಬೆರಳಿಗೇ ಹುಣ್ಣಾಯಿತು. ಸಕ್ಕರೆ ಕಾಯಿಲೆಯ ಕಾಲು, ಮಾಯಲಿಲ್ಲ. "ಒಂದು ತಿಂಗಳಲ್ಲಿ ಸಕ್ಕರೆ ಹತೋಟಿಗೆ ಬರ್ಲಿಲ್ಲ ಅಂದ್ರೆ ಬೆರಳು ತೆಗೀಬೇಕಾಗುತ್ತೆ" ಎಂದರು ಡಾಕ್ಟರು.

ಆಸ್ಪತ್ರೆಯಲ್ಲಿ ಆಗ ಹೊಸ ಸಾಧನವೊಂದನ್ನು ಪರೀಕ್ಷೆಗೆಂದು ಪುಕ್ಕಟೆ ಕೊಡುತ್ತಿದ್ದರು. ಕೋಟಿನ ಗುಂಡಿಯಷ್ಟು ಅಗಲದ ಬಿಲ್ಲೆ. ತೋಳಿನ ಹಿಂಭಾಗಕ್ಕೆ ಅಂಟಿಸಿದರೆ ಸಕ್ಕರೆ ಎಷ್ಟಿದೆಯೆಂದು ಮೊಬೈಲಿಗೆ ಹೇಳುತ್ತದೆ, ತೀರಾ ಇಳಿದರೆ ಕೂಗುತ್ತದೆ. ನರ್ಸ್ ಅವನ ಎಡ ತೋಳಿಗೆ ಅಂಟಿಸಿದಳು. ಪರೀಕ್ಷೆಗೆ ಒಪ್ಪಿದವರಲ್ಲಿ ಹಮಾಲಿ ಅವನೊಬ್ಬನೇ.

ಗೋದಾಮಿನಲ್ಲಿ ಅದು ದಿನಾ ಕೂಗಿತು. ಲಾರಿಗೆ ಹತ್ತು ಮೂಟೆ ಏರಿಸುವಷ್ಟರಲ್ಲಿ ಅರವತ್ತು, ಐವತ್ತೈದು.

"ಏನಣ್ಣ, ತೋಳಲ್ಲಿ ಕೋಳಿ ಸಾಕಿದೀಯಾ?" ಎಂದು ಮೇಸ್ತ್ರಿ ರೇಗಿಸಿದ.

ಜೋಡಿಮೂಟೆ ಗ್ಲೂಕೋಸ್ ಪುಡಿ ಮುಕ್ಕಿ ಮತ್ತೆ ಹೆಗಲು ಕೊಟ್ಟ. ಅನುಮಾನ ಬಂದರೆ ಕೈಬೆರಳು ಚುಚ್ಚಿ ರಕ್ತ ನೋಡಿ ಎಂದು ನರ್ಸ್ ಹೇಳಿದ್ದಳು. ಸಕ್ಕರೆ ಇಳಿದರೆ ಬರುವ ಬೆವರು, ನಡುಕ ಮೂಟೆ ಹೊರುವವನಿಗೆ ಯಾವತ್ತಿಲ್ಲ? ಯಾವುದಕ್ಕೆಂದು ಅನುಮಾನ ಪಡುವುದು? ಡಾಕ್ಟರೂ ಬಿಲ್ಲೆ ಕೂಗಿದಾಗಿನ ಅಂಕಿಯಷ್ಟೇ ನೋಡಿ, ದುಡಿಮೆಗೆ ಸಕ್ಕರೆ ಇಳಿಯುತ್ತಿದೆ ಎಂದುಕೊಂಡು ಇನ್ಸುಲಿನ್ ಕಡಿಮೆ ಮಾಡಿದರು.

ಒಂದು ಬೆಳಿಗ್ಗೆ ಹುಣ್ಣು ತೊಳೆಯುತ್ತಿದ್ದ ಹೆಂಡತಿಗೆ ಬೆರಳ ತುದಿ ಕಪ್ಪಗೆ ಕಂಡಿತು.

"ಸಕ್ಕರೆ ಇಳಿದಿದೆ ಅಂತೀಯ, ಮತ್ತೆ ಇದ್ಯಾಕೆ ಹೀಗೆ?"

"ಮಿಷನ್ನಿಗಿಂತ ನಿಂಗೆ ಜಾಸ್ತಿ ಗೊತ್ತಾ?"

"ನಂಗೆ ನಿನ್ ಕಾಲು ಗೊತ್ತು, ನಡಿ" ಎಂದು ಆಸ್ಪತ್ರೆಗೆ ಎಳೆದೊಯ್ದಳು.

ನರ್ಸ್ ಕಂಪ್ಯೂಟರಿನಲ್ಲಿ ಸಕ್ಕರೆಯ ಏರಿಳಿತದ ಗೆರೆ ತೆಗೆದು ನೋಡಿದಳು. ರಜೆಯ ದಿನ ಒಂದೂ ಕುಸಿತವಿಲ್ಲ. ಲಾರಿ ಬಂದ ದಿನ ಮಾತ್ರ ದಿಢೀರನೆ ಹಳ್ಳ, ಹಿಂದೆಯೇ ಮುನ್ನೂರರ ಗುಡ್ಡ.

"ಅಣ್ಣ, ಮೂಟೆ ಹೆಂಗೆ ಹೊರ್ತೀರಿ? ತೋರಿಸಿ."

ಅವನು ಮೂಲೆಯಲ್ಲಿ ಸುತ್ತಿಟ್ಟ ಹಾಸಿಗೆ ಎತ್ತಿ ಎಡ ಹೆಗಲಿಗೆ ಹಾಕಿಕೊಂಡ. ಅದು ತೋಳಿನ ಹಿಂಭಾಗಕ್ಕೆ ಜೋತು ನೇರವಾಗಿ ಬಿಲ್ಲೆಯ ಮೇಲೆ ಕೂತಿತು. ಹತ್ತು ನಿಮಿಷ ಹಾಗೇ ನಿಲ್ಲಿಸಿ ಅವಳು ಕೈಬೆರಳು ಚುಚ್ಚಿದಳು. ಬಿಲ್ಲೆ ಹೇಳಿದ್ದು ಎಪ್ಪತ್ತು, ರಕ್ತ ಹೇಳಿದ್ದು ಇನ್ನೂರ ಎಂಬತ್ತು.

"ಒತ್ತಡ ಬಿದ್ರೆ ಇದು ತಪ್ಪು ತೋರಿಸುತ್ತೆ. ಆ ಕಡೆ ಮಗ್ಗುಲಾಗಿ ಮಲಗಬೇಡಿ ಅಂತ ಎಲ್ರಿಗೂ ಹೇಳ್ತೀವಿ. ಮೂಟೆ ವಿಷ್ಯ ಹೊಳೀಲೇ ಇಲ್ಲ."

"ಇದನ್ನ ಮಾಡಿದೋರಲ್ಲಿ ಮೂಟೆ ಹೊತ್ತೋರು ಯಾರೂ ಇರ್ಲಿಲ್ವೇನೋ ಬಿಡಮ್ಮ" ಎಂದ ಅವನು.

ಬಿಲ್ಲೆ ಕೆಟ್ಟದ್ದಲ್ಲ. ಬಲ ತೋಳಿಗೆ ಬದಲಿಸಿದ ಮೇಲೆ ನಿಜ ಹೇಳಿತು. ಇನ್ಸುಲಿನ್ ಏರಿಸಿದರು, ಸಕ್ಕರೆ ಇಳಿಯಿತು. ಬೆರಳಿಗೆ ಮಾತ್ರ ತಡವಾಗಿತ್ತು. ತೆಗೆದರು.

ಗಾಯ ಮಾಯ್ದ ಮೇಲೆ ಗೋದಾಮಿಗೆ ಬಂದು ಬರಿಗೈಯಲ್ಲಿ ಹಲಗೆ ಹತ್ತಿದ. ಮೂರನೇ ಹೆಜ್ಜೆಗೆ ಕಾಲು ಹೊರಳಿತು. ಮೇಸ್ತ್ರಿ ಓಡಿಬಂದು ಸೊಂಟ ಹಿಡಿದ.

"ಇಳಿಯಣ್ಣ."

"ಬಿಡೋ, ಇನ್ನೊಂದ್ಸಲ."

ಎರಡನೇ ಸಲವೂ ಮೂರೇ ಹೆಜ್ಜೆ. ಲಾರಿ ಡ್ರೈವರ್ ಹಾರ್ನ್ ಹೊಡೆದ. ಹಿಂದೆ ಮೂಟೆ ಹೊತ್ತವರು ಸಾಲುಗಟ್ಟಿ, ಬೆನ್ನು ಬಗ್ಗಿಸಿ ಕಾಯುತ್ತಿದ್ದರು. ಜೋಡಿಮೂಟೆ ಪಕ್ಕಕ್ಕೆ ಸರಿದು ಅವರಿಗೆ ದಾರಿ ಬಿಟ್ಟ.