ಎಕೋ ಸ್ವಿಚ್ಚೂ ಜಯಪ್ಪನ ನಮಸ್ಕಾರವೂ

ಶನಿವಾರಸಂತೆಯ ಜಯಪ್ಪ ವಾರವೆಲ್ಲ ಪಂಪ್‌ಸೆಟ್ ರಿಪೇರಿ ಮಾಡುತ್ತಾನೆ, ಭಾನುವಾರ ನಮ್ಮ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದ. ಅವನ ಕಾಲು ತಾಗಬಾರದ್ದಕ್ಕೆ ತಾಗಿದರೆ ಕೈ ತಾನಾಗಿ ಅದನ್ನು ಮುಟ್ಟಿ ಕಣ್ಣಿಗೆ ಹೋಗುತ್ತದೆ. ಹಳೆ ಪೇಪರು, ಅಕ್ಕಿ ಚೀಲ, ಪಕ್ಕದವರ ಬ್ಯಾಗು, ಯಾವುದಾದರೂ ಸರಿ. ಒಮ್ಮೆ ಬಸ್ಸಿನಲ್ಲಿ ಯಾರದೋ ಕೋಳಿಗೆ ಕಾಲು ತಾಗಿತು. ಕೋಳಿಗೂ ನಮಸ್ಕಾರವಾಯಿತು. ನಾನು ತಂಡದ ನಿರೂಪಕ, ನಿವೃತ್ತ ವಿಜ್ಞಾನ ಮೇಷ್ಟ್ರು. ಇಂಥದ್ದನ್ನು ನೋಡಿ ನಗುವುದು ನನ್ನ ಹಕ್ಕು ಅಂದುಕೊಂಡಿದ್ದೆ.

ಹೋದ ವರ್ಷ ತಂಡದ ಯಜಮಾನ, ಕೀಬೋರ್ಡಿನ ನವೀನ್‌ಕುಮಾರ್, ದನಿಗೆ ಎಕೋ ಕೊಡುವ ಪೆಟ್ಟಿಗೆ ತಂದ. ಅದಕ್ಕೆ ಕಾಲಲ್ಲಿ ಒತ್ತುವ ಸ್ವಿಚ್ಚು. ಒಮ್ಮೆ ಮೆತ್ತಗೆ ಒತ್ತಿದರೆ ಎಕೋ ಬರುತ್ತದೆ, ಇನ್ನೊಮ್ಮೆ ಒತ್ತಿದರೆ ಹೋಗುತ್ತದೆ. ಹಾಡಿಗೆ ಬೇಕು, ನನ್ನ ಮಾತಿಗೆ ಬೇಡ. ‘ಊಟಕ್ಕೆ ಬನ್ನಿ’ ಎಂಬುದು ಮೂರು ಸಲ ಕೇಳಿಸಿದರೆ ನಮ್ಮ ಜನ ಮೂರು ಪಂಕ್ತಿಗೂ ಒಟ್ಟಿಗೇ ಏಳುತ್ತಾರೆ. ಆಯುಧಪೂಜೆಯ ದಿನ ಜಯಪ್ಪ ಆ ಸ್ವಿಚ್ಚಿಗೆ ಕುಂಕುಮ ಹಚ್ಚಿ ಹೂವಿಟ್ಟ. ಅಲ್ಲಿಗೆ ಎಕೋದ ಕಥೆ ಮುಗಿಯಿತು.

ಆಮೇಲೆ ಯಾವ ಮದುವೆಯಲ್ಲೂ ಎಕೋ ಬರಲಿಲ್ಲ. ಪೆಟ್ಟಿಗೆ ಎರಡು ಸಲ ಮೈಸೂರಿಗೆ ಹೋಗಿ, ಏನೂ ಕೆಟ್ಟಿಲ್ಲವೆಂದು ಹೇಳಿಸಿಕೊಂಡು ಬಂತು. ಕೊನೆಗೆ ನವೀನ್‌ಕುಮಾರ್ ಹೇಳಿಬಿಟ್ಟ: “ಜಯಪ್ಪಣ್ಣ, ಮೂರ್ನಾಡಿನ ಮದುವೇಲೂ ಹಿಂಗೇ ಆದ್ರೆ ನೀನು ಹಾಡೋದು ಬಿಡು. ಕೋರಸ್ಸಿನ ವೀಣಾ ಹಾಡ್ತಾಳೆ.” ಇಪ್ಪತ್ತೆರಡು ವರ್ಷ ಹಾಡಿದ ಮನುಷ್ಯ. ಮುಖ ಸಣ್ಣದಾಯಿತು.

ಗುಟ್ಟು ಪತ್ತೆ ಮಾಡಿದವನು ನಾನೇ. ಅಭ್ಯಾಸದ ದಿನ ಪಕ್ಕದಲ್ಲೇ ನಿಂತು ನೋಡಿದೆ. ಜಯಪ್ಪ ಸ್ವಿಚ್ಚು ತುಳಿದ, ಪೆಟ್ಟಿಗೆಯ ದೀಪ ಹತ್ತಿತು. ತಕ್ಷಣ ಬಗ್ಗಿ ಸ್ವಿಚ್ಚನ್ನೇ ಮುಟ್ಟಿ ಕಣ್ಣಿಗೊತ್ತಿಕೊಂಡ, ದೀಪ ಆರಿತು.

“ಆ ನಮಸ್ಕಾರ ಒಂದು ಬಿಡಯ್ಯ,” ಅಂದೆ.

“ಸರಸ್ವತೀನ ತುಳುದ್ಬುಟ್ಟು ಸುಮ್ನೆ ನಿಂತ್ಕಳಕ್ಕಾಯ್ತದಾ ಮೇಷ್ಟ್ರೇ? ಹಾಡಕ್ಕೆ ಬಾಯೇ ಬರಲ್ಲ. ನೀವೇ ತುಳೀರಿ. ನೀವು ಓದಿದೋರು.”

ಒಪ್ಪಿದೆ. ಮೂವತ್ತು ವರ್ಷ ವಿಜ್ಞಾನ ಕಲಿಸಿದ ಕಾಲಿಗೆ ಸರಸ್ವತಿಯ ಹಂಗೇನು?

ಮೂರ್ನಾಡಿನ ಮಂಟಪ ತುಂಬಿತ್ತು. ಮೈಕು ಜಯಪ್ಪನ ಕೈಗೆ ಕೊಟ್ಟು ಸ್ವಿಚ್ಚು ತುಳಿದೆ. ಅವನ ಆಲಾಪ ಮೂಲೆಮೂಲೆಗೆ ಹರಡಿತು, ಮುಖ ಅರಳಿತು. ಕಾಲು ತೆಗೆದರೆ ಕೆಳಗೆ ಕುಂಕುಮ ಕಂಡಿತು. ಯಾವಾಗ ಬಗ್ಗಿದೆನೋ ಗೊತ್ತಿಲ್ಲ, ಬೆರಳು ಕಣ್ಣಿಗೆ ತಾಗಿದಾಗಲೇ ತಿಳಿದದ್ದು. ಎಕೋ ಹೋಗಿತ್ತು. ಗಾಬರಿಯಲ್ಲಿ ಮತ್ತೆ ತುಳಿದೆ. ಮತ್ತೆ ಬಗ್ಗಿದೆ.

ಕೀಬೋರ್ಡಿನಿಂದ ಕಣ್ಣೆತ್ತದ ನವೀನ್‌ಕುಮಾರ್ ಹಾಡು ಮುಗಿದ ಮೇಲೆ ಬಂದು ಕೇಳಿದ: “ಯಾರು ಮುಟ್ಟಿದ್ದು ಅದನ್ನ?”

ನಾನು ಬಗ್ಗಿ ಮೈಕಿನ ವೈರಿನ ಸಿಕ್ಕು ಬಿಡಿಸತೊಡಗಿದೆ.

“ನಾನೇ ಕಣಪ್ಪ,” ಅಂದ ಜಯಪ್ಪ.

ಈಗ ವೀಣಾ ಹಾಡುತ್ತಾಳೆ. ಸ್ವಿಚ್ಚು ಅವಳೇ ತುಳಿಯುತ್ತಾಳೆ, ಎಕೋ ಚೆನ್ನಾಗಿ ಬರುತ್ತದೆ. ಜಯಪ್ಪ ಸ್ಪೀಕರ್ ಹೊರುತ್ತಾನೆ. ಮೊನ್ನೆ ವೈರು ಎಳೆಯುವಾಗ ಅವನ ಕಾಲು ನನಗೆ ತಾಗಿತು. ಎಂದಿನಂತೆ ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಬೇಡ ಕಣಯ್ಯ ಅನ್ನಬೇಕೆನಿಸಿತು. ಆಗಲೂ ವೈರಿನ ಸಿಕ್ಕು ಬಿಡಿಸುತ್ತ ಕುಳಿತೆ.