ಒಡ್ನಿಯ ಮುಲ್ತೆ ಜಾಗ

ನಮ್ಮ ಕಡೆ ಒಬ್ಬರನ್ನು ಏನು ಬೇಕಾದರೂ ಕೇಳಬಹುದು. ಗಂಡ ಯಾಕೆ ಬಿಟ್ಟುಹೋದ, ಹಲ್ಲು ಕಟ್ಟಿಸಿದ್ದಾ ನಿಜವಾದದ್ದಾ, ಕೇಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮುಲ್ತೆ ಹಣ್ಣು ಎಲ್ಲಿ ಕಿತ್ತೆ ಎಂದು ಮಾತ್ರ ಕೇಳಬಾರದು. ಜೌಗು ನೆಲದಲ್ಲಿ ಗಿಡಕ್ಕೆ ಒಂದೇ ಒಂದು ಬಿಡುವ ಕಿತ್ತಳೆ ಬಣ್ಣದ ಹಣ್ಣು ಅದು. ಉತ್ತರ ನಾರ್ವೆಯಲ್ಲಿ ಅದಿಲ್ಲದ ಕ್ರಿಸ್ಮಸ್ ಊಟ ಊಟವೇ ಅಲ್ಲ. ಜಾಗ ಕೇಳಿದವರು ಮರ್ಯಾದೆಗೆಟ್ಟವರು, ಹೇಳಿದವರು ಪೆದ್ದರು. ಒಡ್ನಿ ಪೆದ್ದಿಯಾದದ್ದು ಅರವತ್ತೊಂದನೆಯ ವಯಸ್ಸಿನಲ್ಲಿ.

ಅವಳಿಗೆ ಸ್ವಂತದ್ದೆಂದು ಒಂದು ಅಂಗುಲ ನೆಲವಿಲ್ಲ. ಬಂದರಿನ ಮೀನು ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಮೀನು ಸೀಳಿದಳು. ಇರುವುದು ದಿನಸಿ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ. ಆದರೂ ನೆಲವಿಲ್ಲ ಎಂದು ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ. ಯಾಕನ್ನಿಸಬೇಕು? ಕಾಡು ಯಾರ ಹೆಸರಲ್ಲೇ ಇರಲಿ, ನಡೆಯುವುದಕ್ಕೆ ಇಲ್ಲಿ ಯಾರ ಅಪ್ಪಣೆಯೂ ಬೇಡ. ಯಾರದೇ ಮನೆಯಿಂದ ನೂರೈವತ್ತು ಮೀಟರ್ ದೂರವಿದ್ದರೆ ಟೆಂಟ್ ಹಾಕಿ ಎರಡು ರಾತ್ರಿ ಮಲಗಬಹುದು. ಮುಲ್ತೆಗೆ ಮಾತ್ರ ನಮ್ಮ ಉತ್ತರದ ಜಿಲ್ಲೆಗಳಲ್ಲಿ ಒಂದು ಕೊಕ್ಕೆ ಇದೆ: ಯಜಮಾನ ಬೇಡ ಅಂದರೆ ಕಿತ್ತು ಒಯ್ಯುವಂತಿಲ್ಲ. ಒಡ್ನಿ ಹೋಗುತ್ತಿದ್ದ ಜೌಗಿನ ಯಜಮಾನ ಕಣಿವೆಯ ಒಬ್ಬ ಮುದುಕ, ಅವನು ಯಾರಿಗೂ ಬೇಡ ಅಂದವನೇ ಅಲ್ಲ.

ಬೆಟ್ಟದ ಹಿಂದೆ ಪುಟ್ಟ ಕೆರೆ, ಕೆರೆಯ ದಂಡೆಯಲ್ಲಿ ಆ ಜೌಗು. ಒಂಬತ್ತು ವರ್ಷದವಳಿದ್ದಾಗ ಅಮ್ಮ ಆಣೆ ಹಾಕಿಸಿಕೊಂಡು ತೋರಿಸಿದ್ದು. ಜುಲೈ ಕೊನೆಗೆ ಒಡ್ನಿ ಹಸಿರು ಟೆಂಟು ಬೆನ್ನಿಗೇರಿಸಿ, ಜನ ನೋಡಲಿ ಎಂದು ಬೇಕಂತಲೇ ಉಲ್ಟಾ ದಿಕ್ಕಿನ ಬಸ್ಸು ಹತ್ತುತ್ತಿದ್ದಳು. ಎರಡು ಸ್ಟಾಪಿನಾಚೆ ಇಳಿದು, ಬೆಟ್ಟ ಸುತ್ತಿ ನಡೆಯುತ್ತಿದ್ದಳು. ಅಕ್ಕ ಆಸ್ಪತ್ರೆಯಲ್ಲಿ ಕೊನೆಯುಸಿರು ಎಳೆಯುವಾಗ, "ಈಗಲಾದ್ರೂ ಹೇಳೇ, ನಾನೇನು ಎದ್ದು ಹೋಗಿ ಕೀಳ್ತೀನಾ?" ಅಂದಳಂತೆ. ಒಡ್ನಿ ಅವಳ ದಿಂಬು ಸರಿಮಾಡಿದಳು, ಬಾಯಿ ಬಿಡಲಿಲ್ಲ. ಇಂಥವಳು ಕಣ್ರೀ!

ಕಾರ್ಖಾನೆಯಲ್ಲಿ ಅವಳ ಎದುರಿನ ಮೇಜು ಮಾರ್ಗುನ್‌ದು. ಮೂವತ್ತು ವರ್ಷ ಎದುರುಬದುರು ನಿಂತು ಹರಟಿದವರು. ಪ್ರತಿ ಕ್ರಿಸ್ಮಸ್‌ಗೂ ಒಡ್ನಿ ಅವಳಿಗೆ ಒಂದು ಸೀಸೆ ಮುಲ್ತೆ ಕೊಡುತ್ತಿದ್ದಳು, ಮಾರ್ಗುನ್ ಒಮ್ಮೆಯೂ ಎಲ್ಲಿಯದೆಂದು ಕೇಳಿದವಳಲ್ಲ. ಗಂಡ ಆರ್ವಿದ್ ಸತ್ತಮೇಲೆ ಮಾರ್ಗುನ್ ಹಾಸಿಗೆ ಹಿಡಿದಳು. ಊಟ ಬೇಡ, ಮಾತು ಬೇಡ, ಕಿಟಕಿಯ ಪರದೆ ತೆಗೆಯುವುದೂ ಬೇಡ. ಒಡ್ನಿ ಎರಡು ತಿಂಗಳು ಸಾರು ಹೊತ್ತು ಹೊತ್ತು ಸೋತಳು. ಕೊನೆಗೆ ಒಂದು ಬೆಳಿಗ್ಗೆ ಅವಳ ಬೂಟು ತಂದು ಮುಂದಿಟ್ಟಳು.

"ಏಳೇ ಮಾರಾಯ್ತಿ. ನಿನಗೊಂದು ಜಾಗ ತೋರಿಸ್ತೀನಿ."

ಎರಡು ದಿನ ಒಂದೇ ಟೆಂಟಿನಲ್ಲಿದ್ದರು. ಮಾರ್ಗುನ್ ಜೌಗಿನಲ್ಲಿ ಮೊಣಕಾಲೂರಿ ಮುಲ್ತೆ ಬಾಯಿಗಿಟ್ಟುಕೊಂಡು ಗೋಳೋ ಎಂದು ಅತ್ತಳು. ಆಮೇಲೆ, ಬೂಟಿನೊಳಗೆ ನೀರು ನುಗ್ಗಿದ್ದಕ್ಕೆ ಬಿದ್ದೂ ಬಿದ್ದೂ ನಕ್ಕಳು. "ಯಾರಿಗೂ ಹೇಳಲ್ಲ ಕಣೇ, ಆರ್ವಿದ್ ಆಣೆ," ಅಂದಳು. ಗೆಳತಿ ಬದುಕಿದಳಲ್ಲ ಎಂದು ಒಡ್ನಿಗೆ ಜೀವ ಬಂದಂತಾಯಿತು.

ಮಾರ್ಗುನ್ ಆಣೆ ಮುರಿಯಲಿಲ್ಲ. ಯಾರಿಗೂ ಹೇಳಲಿಲ್ಲ. ಸುಮ್ಮನೆ ಆ ಮುದುಕನ ಹತ್ತಿರ ಹೋಗಿ ಜಾಗ ಕೊಂಡುಬಿಟ್ಟಳು!

ಮುಂದಿನ ಜುಲೈಯಲ್ಲಿ ಒಡ್ನಿ ಬೆಟ್ಟ ಸುತ್ತಿ ಬಂದರೆ, ಟೆಂಟು ಹಾಕುವ ದಿಬ್ಬದ ಮೇಲೆ ಹೊಸ ಮರದ ಮನೆ. ಜೌಗಿನ ಅಂಚಿಗೆ ಬೋರ್ಡು: "ಮುಲ್ತೆ ಕೀಳಬಾರದು. ಯಜಮಾನರು." ಅಕ್ಷರ ಯಾರದೆಂದು ಅವಳಿಗೆ ಕೂಡಲೇ ಗೊತ್ತಾಯಿತು. ಮಾರ್ಗುನ್ ಮೆಟ್ಟಿಲ ಮೇಲೆ ಕಾಫಿ ಹಿಡಿದು ಕೂತಿದ್ದಳು.

"ಬಂದ್ಯಾ! ಕಾಯ್ತಾನೇ ಇದ್ದೆ. ಬಾ, ವಾಫಲ್ ಕಾವಲಿ ಕಾದಿದೆ."

"ಬೋರ್ಡು ಏನೇ ಅದು?"

"ಅಯ್ಯೋ, ಅದು ಕಂಡೋರಿಗೆ. ನಿನಗಲ್ಲ ಕಣೇ. ನೀನು ಒಂದು ಮಾತು ನನ್ನ ಕೇಳ್ಬಿಟ್ಟು ಕೀಳು, ಅಷ್ಟೇ."

"ಕೇಳ್ಬಿಟ್ಟು?"

"ಒಂದು ಡಬ್ಬಿ ಸಾಕಲ್ಲ ನಿನಗೆ, ಒಬ್ಬಳೇ ಇರೋದು." ಮಾರ್ಗುನ್ ಕಾಫಿ ಊದಿದಳು. "ಟೆಂಟು ಮಾತ್ರ ಕಿಟಕಿ ಎದುರಿಗೆ ಬೇಡ. ನೂರೈವತ್ತು ಮೀಟರ್ ಅಂತ ನೀನೇ ಹೇಳಿಕೊಟ್ಟಿದ್ದಲ್ವಾ? ಮುಖ ಯಾಕೆ ಹಾಗೆ ಮಾಡ್ತೀಯ? ಆ ಎರಡು ದಿನ ಇಲ್ಲದಿದ್ರೆ ನಾನು ಸತ್ತೇ ಹೋಗ್ತಿದ್ದೆ. ಈ ಜಾಗ ಬಿಟ್ಟು ಇರಕ್ಕಾಗಲ್ಲ ಕಣೇ ನನಗೆ."

"ನನಗೆ ಆಗುತ್ತೇನೇ?" ಒಡ್ನಿ ಕೇಳಿದಳು.

ಒಡ್ನಿ ಬಯ್ಯಲಿಲ್ಲ. ಮೆಟ್ಟಿಲಿಂದ ಹೆಜ್ಜೆ ಎಣಿಸುತ್ತಾ ಹೊರಟಳು. ನೂರೈವತ್ತರ ಮೇಲೆ ಇಪ್ಪತ್ತು ಹೆಚ್ಚೇ ಹಾಕಿ, ಕಲ್ಲಿನ ಇಳಿಜಾರಿನಲ್ಲಿ ಟೆಂಟು ಕಟ್ಟಿದಳು. ಬೆಳಿಗ್ಗೆ ತಾನು ತಂದಿದ್ದ ಖಾಲಿ ಡಬ್ಬಿಯನ್ನು ಮಾರ್ಗುನ್‌ಳ ಮೆಟ್ಟಿಲ ಮೇಲೆ ಬೋರಲು ಹಾಕಿ ಜೌಗಿಗಿಳಿದಳು. ಯಜಮಾನ ಎಷ್ಟು ಬೋರ್ಡು ನೆಟ್ಟರೂ, ಕಿತ್ತ ಮುಲ್ತೆಯನ್ನು ಅಲ್ಲೇ ನಿಂತು ತಿನ್ನುವವರನ್ನು ತಡೆಯುವಂತಿಲ್ಲ. ಅದೂ ಕಾನೂನೇ.

"ಏನೇ ಮಾಡ್ತಿದ್ದೀಯ?" ಮಾರ್ಗುನ್ ದಂಡೆಯಿಂದ ಕೂಗಿದಳು.

"ತಿಂತಿದ್ದೀನಿ."

"ಹೊಟ್ಟೆ ಕೆಡುತ್ತೆ ಕಣೇ! ಡಬ್ಬಿ ತಗೊಂಡು ಹೋಗೇ!"

ಒಡ್ನಿ ತಿರುಗಿ ನೋಡಲಿಲ್ಲ. ಒಂದು ಕಿತ್ತು ತಿಂದಳು, ಇನ್ನೊಂದು ಕಿತ್ತು ತಿಂದಳು. ನಾಲಿಗೆ ಉರಿದು ರುಚಿಯೇ ಗೊತ್ತಾಗದ ಮೇಲೂ ತಿಂದಳು. ಅಮ್ಮನ ನೆನಪಾಗಿ ಕಣ್ಣೀರು ಸುರಿಯಿತು, ಒರೆಸಿಕೊಳ್ಳಲೂ ಇಲ್ಲ. ಎರಡು ರಾತ್ರಿ ಕಳೆದು ಮೂರನೆಯ ಬೆಳಿಗ್ಗೆ ಟೆಂಟು ಮಡಿಚಿದಳು. ಅಂದಿನಿಂದ ಆ ಕಡೆ ಹೋಗಿಲ್ಲ.

ಕ್ರಿಸ್ಮಸ್‌ಗೆ ಎರಡು ದಿನ ಮುಂಚೆ, ಮಧ್ಯಾಹ್ನ, ಬಾಗಿಲು ತಟ್ಟಿದ ಸದ್ದು. ಅಂಗಡಿಯ ಮೇಲಿನ ಮೆಟ್ಟಿಲಲ್ಲಿ ಏದುಸಿರು ಬಿಡುತ್ತಾ ಮಾರ್ಗುನ್ ನಿಂತಿದ್ದಳು. ಕೈಯಲ್ಲಿ ಸೀಸೆ. ಒಡ್ನಿ ಹಿಂದೆಂದೋ ಕೊಟ್ಟಿದ್ದ ಅದೇ ಸೀಸೆ, ತುಂಬ ಮುಲ್ತೆ.

"ತಗೊಳ್ಳೇ," ಅಂದಳು. "ನೀನಿಲ್ಲದೆ ಹಬ್ಬ ಹಬ್ಬದ ಹಾಗೇ ಇಲ್ಲ. ನಿನಗೋಸ್ಕರನೇ ಇಟ್ಟಿದ್ದೆ."

ಒಡ್ನಿ ಸೀಸೆಯನ್ನು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಕೆಳಗೆ ಅಂಗಡಿಯಲ್ಲಿ ಜನ ಇದ್ದರು, ಬಾಗಿಲು ತೆರೆದಿತ್ತು. ಅವಳು ಎಲ್ಲರಿಗೂ ಕೇಳುವ ಹಾಗೆ ಕೇಳಿದಳು:

"ಚೆನ್ನಾಗಿದೆ. ಎಲ್ಲಿ ಕಿತ್ತೆ ಮಾರ್ಗುನ್?"